ಯಾವ ಗ್ರೂಪು, ಮ್ಯಾಮ್?

ನವೆಂಬರ್ ೧೨, ಬುಧವಾರ. ನಾಮ್ ಪೆನ್, ಕಾಂಬೋಡಿಯಾ.

ಇವತ್ತು ಆನ್‌ಲೈನ್ ತರಗತಿಗೆಂದು ಪರದೆಯ ಮುಂದೆ ನಲವತ್ತು ನಿಮಿಷ ಒಬ್ಬಳೇ ಕೂತಿದ್ದೆ. ಅಮ್ಮ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗಿಯಾಗಿತ್ತು. ನೆಟ್ ಕೆಟ್ಟಿರಬೇಕೆಂದು ಮೂರು ಸಲ ಆರಿಸಿ ಹಚ್ಚಿದೆ.

ಕೊನೆಗೆ ನಮ್ಮ ಟೀಚರ್ ಪೆರ್ಲಿತಾ ಮ್ಯಾಮ್ ಫಿಲಿಪ್ಪೀನ್ಸಿನ ತಮ್ಮ ಮನೆಯಿಂದ ಕಾಣಿಸಿಕೊಂಡರು.

"ಅಯ್ಯೋ ಮರಿಸೆಲ್, ಕಾಯ್ತಾ ಕೂತಿದೀಯಾ? ಇಲ್ಲಿ ಲೆಗಾಸ್ಪಿಗೆ ಚಂಡಮಾರುತ ಬರ್ತಿದೆ ಕಣೇ, ಶಾಲೆಗೆ ರಜ! ಗ್ರೂಪಲ್ಲಿ ಹಾಕಿದ್ನಲ್ಲ?"

"ಯಾವ ಗ್ರೂಪು, ಮ್ಯಾಮ್?"

ಅವರು ಫೋನು ತೆಗೆದು ನೋಡಿ, "ನಿನ್ನನ್ನ ಸೇರಿಸೇ ಇಲ್ವಲ್ಲ!" ಎಂದರು. ಆ ಮಾತು ಇನ್ನೂ ಚುಚ್ಚುತ್ತಿದೆ. ಅಮ್ಮನ ಕೆಲಸಕ್ಕೆಂದು ಇಲ್ಲಿದ್ದರೂ, ಎರಡು ವರ್ಷದಿಂದ ನಾನೂ ಅದೇ ತರಗತಿಯವಳು. ಬೇರೆ ಮಕ್ಕಳೆಲ್ಲ ಅಲ್ಲಿ ಬೆಂಚಿನ ಮೇಲೆ, ನಾನೊಬ್ಬಳು ಇಲ್ಲಿಂದ ಮ್ಯಾಮ್ ಮೇಜಿನ ಲ್ಯಾಪ್‌ಟಾಪಿನಲ್ಲಿ. ಹಾಜರಿ ಕರೆದಾಗ ದಿನಾ ಎಲ್ಲರಿಗಿಂತ ಜೋರಾಗಿ ಕೂಗುತ್ತೇನೆ.

ಸಂಜೆ ಅಮ್ಮನ ನಂಬರನ್ನು ಅವರೇ ಗ್ರೂಪಿಗೆ ಸೇರಿಸಿದರು. ಅಲ್ಲಿ ಎಲ್ಲರ ಮನೆಯಲ್ಲೂ ಕರೆಂಟಿಲ್ಲ, ಒಬ್ಬರ ತಗಡಿನ ಸೂರು ಹಾರಿದೆ. ಆದರೂ ಒಬ್ಬರನ್ನೊಬ್ಬರು ಕೆಣಕುತ್ತ ನಗುತ್ತಿದ್ದರು. ನನಗೆ ಅಸೂಯೆಯಾಯಿತು, ಅದಕ್ಕೆ ನಾಚಿಕೆಯೂ ಆಯಿತು. "ಎಲ್ಲರೂ ಹುಷಾರಾಗಿದೀರಾ?" ಎಂದು ಬರೆದೆ.

ನನ್ನ ತರಗತಿಯ ದಿಂದೊ ಉತ್ತರಿಸಿದ: "ಹ್ಞೂಂ ಆಂಟಿ. ನೀವು ಯಾರ ಅಮ್ಮ?"

"ನಾನು ಮರಿಸೆಲ್."

"ಯಾವ ಮರಿಸೆಲ್? ಓಹೋ, ಲ್ಯಾಪ್‌ಟಾಪ್ ಹುಡುಗಿ!"

ನನ್ನ ಪೂರ್ತಿ ಹೆಸರು ಬರೆದು ಅಳಿಸಿದೆ. ಆಮೇಲೆ, ಹೌದು ಅವಳೇ, ಎಂದು ಬರೆದು ಕಳಿಸಿದೆ.