ಬ್ರೇಕಿನ ಮೇಲಿಟ್ಟ ಕಾಲು

ನಿನ್ನ ಅಡುಗೆಮನೆಯ ಮೇಜು,
ಭಾನುವಾರ, ಇಳಿಹೊತ್ತು

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಎಡಮಗ್ಗುಲಲ್ಲೇ ಮಲಗಬೇಕೆಂದು ಡಾಕ್ಟರು ಹೇಳಿದ್ದನ್ನು ಕೇಳುತ್ತಿದ್ದೀಯೋ, ಅಲ್ಲೂ ನಿನ್ನದೇ ಹಟವೋ? ಫೋನಿನಲ್ಲಿ ಮಾತಾಡಿದರೆ ನಿನ್ನ ರಕ್ತದ ಒತ್ತಡ ಏರುತ್ತದೆ ಎಂದು ಅವರು ಫೋನು ಬೇಡವೆಂದದ್ದು ಸರಿಯೇ. ಇಲ್ಲಿ ನಮ್ಮ ಒತ್ತಡ ಅಳೆಯುವವರು ಮಾತ್ರ ಯಾರೂ ಇಲ್ಲ. ಪಕ್ಕದ ಮನೆಯ ಬ್ರೆಡ್ ವ್ಯಾನಿನವನು ಸಂಜೆ ಆಸ್ಪತ್ರೆಯ ಕಡೆಗೇ ಹೊರಟಿದ್ದಾನೆ. ಕಾಗದ ಅವನ ಕೈಯಲ್ಲಿ ಕಳಿಸುತ್ತೇನೆ.

ನಿನ್ನ ಚೀಟಿ ತಲುಪಿತು. ಬುಧವಾರ ಹೆರಿಗೆಯ ಆಪರೇಷನ್, ಒಳಗೆ ಜೊತೆಗಿರಲು ಒಬ್ಬರಿಗೆ ಮಾತ್ರ ಅವಕಾಶ, ನರ್ಸಿಗೆ ನನ್ನ ಹೆಸರು ಹೇಳಿದ್ದೀಯ. ಓದಿ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಅಳಿಯಂದಿರಿಗೆ ಗಟ್ಟಿಯಾಗಿ ಓದಿ ಹೇಳಿದವಳೂ ನಾನೇ. ಅವರು "ಒಳ್ಳೇದಾಯ್ತು ಅತ್ತೆ" ಎಂದವರೇ ಎದ್ದು ಹೋಗಿ ಕಾರಿನ ಬಾನೆಟ್ ಎತ್ತಿದರು. ಅವತ್ತಿನಿಂದ ಮನುಷ್ಯ ಒಂದು ಕಡೆ ಕೂತಿಲ್ಲ. ನಿಂತೇ ಊಟ, ತೊಳೆದ ಲೋಟವನ್ನೇ ಮತ್ತೆ ತೊಳೆಯುವುದು, ಗೇಟಿನವರೆಗೆ ಹೋಗಿ ಏಕೆ ಬಂದೆನೆಂದು ಯೋಚಿಸುತ್ತ ನಿಲ್ಲುವುದು. ಅವರನ್ನು ನೋಡಿ ನೋಡಿ ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ.

ಕಾರಿಗೂ ರೋಗ ಬರಲು ಇದೇ ಹೊತ್ತಾಗಬೇಕೆ? ಸ್ಟಾರ್ಟ್ ಮಾಡಿದೊಡನೆ ಕಿರ್ರೆಂದು ಕಿರುಚುತ್ತಿತ್ತು, ಬ್ಯಾಟರಿಯ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಬೆಲ್ಟು ತಿರುಗಿಸುವ ದಪ್ಪ ಗಾಲಿಯೊಂದಿದೆ, ಕ್ರ್ಯಾಂಕ್ ಪುಲ್ಲಿ ಅನ್ನುತ್ತಾರೆ. ಒಳಗೊಂದು ಬಿಲ್ಲೆ, ಹೊರಗೊಂದು ಬಳೆ, ನಡುವೆ ರಬ್ಬರು. ಆ ರಬ್ಬರು ಸವೆದು ಹೊರಗಿನ ಬಳೆ ಕುಡಿದವನಂತೆ ತೂರಾಡುತ್ತಿತ್ತು. ಮೆಕ್ಯಾನಿಕ್ ಮುಂದಿನ ವಾರದವರೆಗೆ ಪುರುಸೊತ್ತಿಲ್ಲ ಎಂದು, ಹೊಸ ಪುಲ್ಲಿಯ ಜೊತೆಗೆ ತೋಳುದ್ದದ ಸಲಾಕೆಯೊಂದನ್ನೂ ಕೊಟ್ಟು ಕಳಿಸಿದ. ಬಸ್ಸಿಗೆ ಹೋಗೋಣ ಎಂದೆ. "ದಾರೀಲಿ ಬಸ್ಸು ಕೆಟ್ರೆ, ಅತ್ತೆ?" ಎಂದರು, ಕೆಟ್ಟು ಕೂತ ಕಾರಿನ ಮುಂದೆ ನಿಂತುಕೊಂಡು!

ಬೆಳಿಗ್ಗೆ ಮುಂದಿನ ಚಕ್ರ ಬಿಚ್ಚಿ, ಸ್ಟ್ಯಾಂಡ್ ಕೊಟ್ಟು, ಬೆಲ್ಟು ತೆಗೆದರು. ಪುಲ್ಲಿಯನ್ನು ಹಿಡಿದಿರುವುದು ನಡುವಿನ ಒಂದೇ ಬೋಲ್ಟು. ಸಲಾಕೆ ಹಾಕಿ ಎಳೆದರೆ ಅದರ ಜೊತೆ ಇಡೀ ಎಂಜಿನ್ನೇ ತಿರುಗುತ್ತದೆ. ಅದಕ್ಕೇ ಗೇರಿನಲ್ಲಿಟ್ಟು, ಒಳಗೆ ಒಬ್ಬರು ಬ್ರೇಕ್ ತುಳಿದು ಕೂತಿರಬೇಕು. ಜನ್ಮದಲ್ಲಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತೆ. ಅವರು ಚಕ್ರದ ಗೂಡಿನ ಹತ್ತಿರ ಮಂಡಿಯೂರಿದ್ದರು. ನನಗೆ ಕಾಣುವುದಿಲ್ಲ, ಕೇಳುವುದಷ್ಟೇ. ಅವರು "ಹ್ಞಾ" ಎಂದು ಮುಲುಗಿ ಎಳೆದರೆ ಸಾಕು, ನನ್ನ ಕಾಲು ತಾನಾಗಿ ಮೇಲೇಳುತ್ತಿತ್ತು. ಬದುಕೆಲ್ಲ ಹೊಲಿಗೆ ಯಂತ್ರ ತುಳಿದ ಕಾಲು. ಸದ್ದು ಸ್ವಲ್ಪ ತಪ್ಪಿದರೂ ಸೂಜಿ ಮುರಿಯುವ ಮೊದಲೇ ಎತ್ತಿ ಅಭ್ಯಾಸ. ಬೋಲ್ಟು ಅಲ್ಲಾಡಲಿಲ್ಲ. ಏನಾಗುತ್ತಿದೆ ಎಂದು ಅವರಿಗೆ ಗೊತ್ತಾಗಿತ್ತು, ಆದರೆ ಅತ್ತೆಗೆ ಹೇಗೆ ಹೇಳುವುದು? "ಪರವಾಗಿಲ್ಲ ಅತ್ತೆ, ಇನ್ನೊಂದ್ಸಲ ನೋಡೋಣ." ಆ ಇನ್ನೊಂದು ಸಲ ಊಟದ ಹೊತ್ತು ದಾಟಿದರೂ ಮುಗಿಯಲಿಲ್ಲ. ಕನ್ನಡಕದ ಅಂಗಡಿ ನಡೆಸುವ ಅಳಿಯಂದಿರು ಕಾರು ಬಿಚ್ಚಿದರೆ ನೋಡುವವರಿಗೆ ಹಬ್ಬವಲ್ಲವೇ? ಬ್ರೆಡ್ ವ್ಯಾನಿನವನು ಕಾಂಪೌಂಡಿನ ಮೇಲೆ ಮೊಣಕೈ ಊರಿ, "ಏನ್ ಸಾರ್, ಬೋಲ್ಟು ಕಾಣಿಸ್ತಾ ಇದೆಯಾ, ಇಲ್ಲ ನಿಮ್ಮ ಗ್ಲಾಸಿಗೇ ನಂಬರ್ ಏರಿದೆಯಾ?" ಎಂದು ಕೇಳಿದ. ಇವರಿಗೆ ನಗಲೂ ಆಗಲಿಲ್ಲ.

ಕೊನೆಗೆ ಸಲಾಕೆ ಜಾರಿ ಅವರ ಬೆರಳ ಗೆಣ್ಣು ತರಚಿತು. ಮತ್ತೆ ಹಿಡಿದು ಎಳೆಯುವಾಗ ಒಮ್ಮೆಲೇ ಕೂಗಿದರು: "ಕಾಲು ತೆಗೀಬೇಡಿ ಅತ್ತೇ! ನಾನು ಬಡ್ಕೊಂಡ್ರೂ ತೆಗೀಬೇಡಿ!" ನಾನು ಬೆಚ್ಚಿಬಿದ್ದು ಎರಡೂ ಕಾಲು ಸೇರಿಸಿ, ಕಣ್ಣು ಮುಚ್ಚಿ ತುಳಿದೆ. ಟಕ್ ಎಂದಿತು. ಬೋಲ್ಟು ಬಿಟ್ಟಿತ್ತು. ಆಮೇಲೆ ಅವರು ಕಿಟಕಿಯ ಹತ್ತಿರ ಬಂದು, ಮುಖ ಕೆಂಪು ಮಾಡಿಕೊಂಡು "ತಪ್ಪು ತಿಳ್ಕೋಬೇಡಿ ಅತ್ತೆ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷಕ್ಕೆ ಇವತ್ತು ಮನೆಯವರ ಹಾಗೆ ಮಾತಾಡಿದಿರಿ ಎಂದೆ.

ಹೊಸ ಪುಲ್ಲಿ ಕೂರಿಸುತ್ತಿದ್ದಾಗ, ಗೂಡಿನೊಳಗಿಂದಲೇ, ಮುಖ ತೋರಿಸದೆ ಹೇಳಿದರು: "ಅತ್ತೆ, ಅವಳಿಗೆ ಸೂಜಿ ಚುಚ್ಚೋವಾಗ ಕೈ ಹಿಡ್ಕೊಳ್ಳಿ. ಏನೂ ಆಗಲ್ಲ ಅಂತ ಮಾತ್ರ ಹೇಳ್ಬೇಡಿ, ಸಿಟ್ಟು ಬರುತ್ತೆ. ಈಗ ಇದು ಮಾಡ್ತಿದಾರೆ, ಮುಂದೆ ಅದು ಮಾಡ್ತಾರೆ ಅಂತ ಹೇಳ್ತಾ ಇರಿ. ಅಷ್ಟೇ ಸಾಕು ಅವಳಿಗೆ." ನೀನು ಹುಟ್ಟಿದಾಗಿನಿಂದ ಏನೂ ಆಗಲ್ಲ ಎಂದೇ ಹೇಳುತ್ತ ಬಂದವಳು ನಾನು. ಬ್ರೇಕ್ ತುಳಿದುಕೊಂಡೇ ಹ್ಞೂ ಎಂದೆ. ಅವರು ಬೋಲ್ಟು ಬಿಗಿ ಮಾಡಿದರು. ಮುಲುಗಿದರು ಕೂಡ. ಈ ಸಲ ನಾನು ಬಿಡಲಿಲ್ಲ.

ಈಗ ಕಿರುಚಾಟವಿಲ್ಲ, ಕೆಂಪು ದೀಪವೂ ಆರಿದೆ. ಆದರೂ ಸ್ಟಾರ್ಟ್ ಮಾಡುವುದು, ಕಿವಿಗೊಡುವುದು, ಆಫ್ ಮಾಡುವುದು ನಡೆದೇ ಇದೆ. ಮಂಗಳವಾರ ಬೆಳಿಗ್ಗೆಯೇ ಹೊರಡುತ್ತೇವೆ. ಚೆನ್ನಾಗಿ ನಿದ್ದೆ ಮಾಡು, ತಟ್ಟೆಯಲ್ಲಿ ಬಿಡದೆ ಊಟ ಮಾಡು. ನಿನಗೂ ಒಳಗಿರುವ ಪುಟಾಣಿಗೂ ಸಕಲವೂ ಒಳಿತಾಗಲಿ.

ನಿನ್ನ,
ಅಮ್ಮ

ಮ.ವಿ.: ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನು ಓದಿದ ಕೂಡಲೇ ನರ್ಸನ್ನು ಕರೆದು ನನ್ನ ಹೆಸರು ತೆಗೆಸಿ ನಿನ್ನ ಗಂಡನದು ಹೇಳು. ನಾನು ಒಳಗೆ ಬಂದರೆ ನೀನೇ ನನ್ನನ್ನು ಸಮಾಧಾನ ಮಾಡಬೇಕಾದೀತು. ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಅವರಿಗೆ ಹೇಳಿಲ್ಲ, ಹೇಳಿದರೆ ಬೇಡ ಅತ್ತೆ ಎನ್ನುತ್ತಾರೆ. ಬಾಗಿಲಲ್ಲಿ ನಿಂತು ನರ್ಸೇ ಅವರ ಹೆಸರು ಕರೆಯಲಿ.