ಮೂಲೆ ಸೇರಿದ ಮೀನುಗಳು

೫ ಮಾರ್ಚ್ ೨೦೦೪, ಶುಕ್ರವಾರ

ರಜೆ. ಇವರು ಬಂದಿದ್ದಾರೆ. ಬೆಳಿಗ್ಗೆಯಿಂದ ಮೇಜಿನ ತುಂಬ ಕೋಳಿ ಪುಕ್ಕ, ನನ್ನ ಹಳೇ ಸೀರೆಯ ಜರಿ ನೂಲು. ಸಣ್ಣ ಕೊಕ್ಕೆಗೆ ಸುತ್ತಿ ಸುತ್ತಿ ಮೀನಿಗೆ ಆಸೆ ತೋರಿಸೋ ಸುಳ್ಳು ನೊಣ ಮಾಡ್ತಾರೆ. ದೋಸೆ ಎಲ್ಲಿ ಇಡೋದು ಅಂದೆ. "ಮಡಿಲಲ್ಲಿ ಇಟ್ಕೊಂಡು ತಿನ್ನು ಮಾರಾಯ್ತಿ" ಅಂದ್ರು.

ಮಲ್ಪೆಯಲ್ಲಿ ಬಲೆ ಎಳೆದವರು. ಈಗ ಅಲ್ ಐನ್ ರಸ್ತೆಯ ಫಾರ್ಮಿನಲ್ಲಿ ಟ್ರೌಟ್ ಅನ್ನೋ ತಣ್ಣೀರಿನ ಮೀನು ಕಾಯೋ ಕೆಲಸ, ವಾಸವೂ ಅಲ್ಲೇ. ಮಾಲೀಕ ಅರಬಿಗೆ (ಎಲ್ಲರೂ ಕರೆಯೋದು ಅರ್ಬಾಬ್) ಗಾಳದ ಶೋಕಿ. ಮೀನು ಬಂದದ್ದು ವಿಮಾನದಲ್ಲಿ. ಮರಳುಗಾಡಿನ ನಡುವೆ ಚಿಲ್ಲರ್ ಇಟ್ಟು ಕೊಳದ ನೀರು ತಣ್ಣಗೆ ಮಾಡಿಸ್ತಾನೆ. ಅತಿಥಿಗಳಿಗೆ ಗಾಳ ಬೀಸೋದು ಹೇಳಿಕೊಡೋದೂ ಇವರೇ. ಹಳೇ ಇಂಗ್ಲಿಷ್ ಮ್ಯಾನೇಜರ್ ಕಲಿಸಿ ಹೋದ ವಿದ್ಯೆ.

ನಿಂತ ನೀರಲ್ಲಿ ಅವಸರ ಮಾಡಬಾರದಂತೆ. ನೊಣ ಮುಳುಗಬೇಕು. ಕಾಯಬೇಕು. ಆಮೇಲೆ ದಾರ ಬೆರಳಲ್ಲಿ ಒಂಚೂರು, ಒಂಚೂರು ಎಳೀಬೇಕು. ಜೀವ ಉಂಟು ಅಂತ ಮೀನಿಗೆ ಅನಿಸಬೇಕು. ಇದನ್ನು ಹೇಳುವಾಗ ಇವರ ಮುಖ ನೋಡಬೇಕು...

೧೯ ಮಾರ್ಚ್, ಶುಕ್ರವಾರ

ಇವರು ಬರಲಿಲ್ಲ. ಫೋನ್ ಮಾತ್ರ. ಮೀನು ನೊಣ ಮುಟ್ತಿಲ್ಲವಂತೆ. ಎಲ್ಲಾ ಒಂದೇ ಮೂಲೆಗೆ ಹೋಗಿ ಗುಂಪು ಕಟ್ಟಿ ನಿಂತಿವೆ. ತಿಂಡಿ ಎರಚಿದರೂ ನಡುನೀರಿಗೆ ಬರೋದಿಲ್ಲ.

"ಕೊಳಕ್ಕೆ ಹೊಸ ಪಂಪ್ ಇಳಿಸಿದ ಮೇಲೆ ಹೀಗೆ."

ಪಂಪ್ ಹಾಕಿದರೆ ಬ್ರೇಕರ್ ಬಿದ್ದು ಕರೆಂಟ್ ಹೋಗ್ತಿತ್ತಂತೆ. ಬ್ರೇಕರ್ ಬಿದ್ದರೆ ಚಿಲ್ಲರ್ ಬಂದ್, ನೀರು ಬಿಸಿ, ಮೀನು ಖಲಾಸ್. ಅದಕ್ಕೆ ಈಗಿನ ಮ್ಯಾನೇಜರ್ ಲಿಯೋ ಬ್ರೇಕರನ್ನೇ ತಪ್ಪಿಸಿ ಡೈರೆಕ್ಟ್ ಕೊಡಿಸಿದ್ದಾರೆ. ಈಗ ಬೀಳೋದಿಲ್ಲ.

೨೬ ಮಾರ್ಚ್, ಶುಕ್ರವಾರ

ಫಾರ್ಮಿಗೆ ನಾನೇ ಹೋಗಿದ್ದೆ. ಚಕ್ಕುಲಿ, ಸಾರಿನ ಪುಡಿ ಕೊಟ್ಟೆ. ಇವರು ಎದೆಮಟ್ಟದ ರಬ್ಬರ್ ಪ್ಯಾಂಟ್ ಹಾಕಿ ನೀರಿಗಿಳಿದು ದಾರ ಬೀಸಿ ತೋರಿಸಿದ್ರು. ತಲೆಯ ಮೇಲೆ ದಾರ ಹೋಗಿ ಬರೋದು ಚಂದ. ಮೀನು ಒಂದೂ ಏಳಲಿಲ್ಲ. ಮೂಲೆಯಲ್ಲಿ ಕಪ್ಪಗೆ, ಮುದ್ದೆಯ ಹಾಗೆ.

ದಡದಲ್ಲಿ ಕೂತು ನೀರಲ್ಲಿ ಕಾಲಿಟ್ಟೆ. ಜುಂ ಅಂತು. ಇರುವೆ ಹತ್ತಿದ ಹಾಗೆ ಮೊಣಕಾಲಿನವರೆಗೆ. ತಟ್ಟನೆ ತೆಗೆದೆ.

"ನೀರಲ್ಲಿ ಕರೆಂಟ್ ಉಂಟು" ಅಂದೆ.

"ತಣ್ಣಗುಂಟು ನೀರು, ಅದಕ್ಕೆ ಹಾಗೆ. ನಂಗೇನೂ ಆಗ್ತಿಲ್ಲವಲ್ಲ" ಅಂದ್ರು. ರಬ್ಬರಿನೊಳಗೆ ಇದ್ದವರಿಗೆ ಕರೆಂಟ್ ಹೇಗೆ ಗೊತ್ತಾಗ್ತದೆ.

ಲಿಯೋ ಸರ್‌ಗೂ ಹೇಳಿದೆ. ಮಂಗಳೂರಿನವರು, ಒಳ್ಳೇ ಮಾತಿನ ಮನುಷ್ಯ. "ವಸಂತಿಯವರೇ, ಏಪ್ರಿಲ್ ಒಂಬತ್ತಕ್ಕೆ ಅರ್ಬಾಬಿನ ಅತಿಥಿಗಳು. ಅದೊಂದು ಮುಗೀಲಿ. ಮರುದಿನವೇ ಎಲೆಕ್ಟ್ರಿಷಿಯನ್ ಕರೆಸ್ತೇನೆ. ಈಗ ಪಂಪ್ ನಿಲ್ಲಿಸಿದರೆ ಮೀನು ಸಾಯ್ತವೆ, ಆಮೇಲೆ ನಮ್ಮ ವೀಸಾ" ಅಂತ ನಕ್ಕರು.

ವಾಪಸ್ ಬರುವಾಗ ಬಸ್ಸಲ್ಲಿ ಕಾಲು ಉಜ್ಜುತ್ತಾ ಕೂತಿದ್ದೆ.

೬ ಏಪ್ರಿಲ್, ಮಂಗಳವಾರ

ನಾನು ಕೆಲಸ ಮಾಡೋ ಕ್ಲಿನಿಕ್ಕಿನ ರಿಸೆಪ್ಷನ್‌ಗೇ ಫೋನ್ ಮಾಡಿದ್ರು. ಯಾವತ್ತೂ ಮಾಡೋದಿಲ್ಲ. ರಬ್ಬರ್ ಪ್ಯಾಂಟು ಮೊಣಕಾಲ ಹತ್ತಿರ ಹರಿದಿದೆಯಂತೆ, ನೀರು ಒಳಗೆ ಬಂತಂತೆ.

"ನೀನು ಹೇಳಿದ್ದು ಸರಿ. ಕಾಲು ಮರಗಟ್ಟಿತು. ದಡಕ್ಕೆ ಬರೋದೇ ಕಷ್ಟ ಆಯ್ತು."

ಎದುರಿಗೆ ಪೇಷೆಂಟ್ ನಿಂತಿದ್ದಾರೆ.

"ಅತಿಥಿಗಳು ಬರಿಗಾಲಲ್ಲಿ ಇಳೀತಾರೆ ವಸಂತಿ. ಹೋದ ಸಲವೂ ಇಳಿದಿದ್ರು."

"ಆಫ್ ಮಾಡಿ. ಮೀನು ಸತ್ತರೆ ಸಾಯಲಿ. ಕೆಲಸ ಹೋದರೆ ಊರಿಗೆ ಹೋಗುವ."

"ನೋಡುವ" ಅಂದ್ರು.

೮ ಏಪ್ರಿಲ್, ಗುರುವಾರ, ಮಧ್ಯಾಹ್ನ

ಕ್ಲಿನಿಕ್ ಅರ್ಧ ದಿನ. ಮನೆಗೆ ಬಂದು ಬಾಗಿಲು ತೆಗೀತಿದ್ದ ಹಾಗೆ ಫೋನ್. ಇವರೇ.

"ಲಿಯೋ ಸರ್ ಅಬುಧಾಬಿಗೆ ಹೋದ್ರು, ಸಂಜೆಗೆ ಬರೋದು. ಮೇನ್ ಆಫ್ ಮಾಡಿದೆ. ಪಕ್ಕದ ಫಾರ್ಮಿನ ಎಲೆಕ್ಟ್ರಿಷಿಯನ್ ಆಮೇಲೆ ಬರ್ತಾನೆ. ಅಷ್ಟರಲ್ಲಿ ಪಂಪ್ ದಡಕ್ಕೆ ಎಳೆದು ಇಡ್ತೇನೆ."

ಹರಿದ ಪ್ಯಾಂಟ್ ಬೇಡ ಅಂತ ಚಡ್ಡಿಯಲ್ಲೇ ಇಳೀತಾರಂತೆ. ಮೀನು ಆಗಲೇ ಮೂಲೆ ಬಿಟ್ಟು ಕೊಳ ತುಂಬ ಓಡಾಡ್ತಿವೆಯಂತೆ. ಎಷ್ಟು ಖುಷಿ ದನಿಯಲ್ಲಿ. "ಒಂದು ಏಳ್ತು ನೋಡು, ನೊಣ ಹಾಕದೇನೇ" ಅಂದ್ರು. ಎದೆ ಹಗುರಾಯ್ತು. ಅನ್ನಕ್ಕಿಟ್ಟೆ.

ಅನ್ನ ಆಗಿ ತಣಿದಿದೆ. ಇವರ ಮೊಬೈಲ್ ರಿಂಗ್ ಆಗ್ತದೆ, ಎತ್ತೋದಿಲ್ಲ. ದಡದಲ್ಲಿ ಇಟ್ಟಿರಬೇಕು. ಪಂಪ್ ಭಾರ, ಹೊತ್ತು ಹಿಡೀತದೆ.

ಮತ್ತೆ ಮಾಡಿದೆ. ಇಲ್ಲ.

ಫಾರ್ಮಿನ ಆಫೀಸ್ ನಂಬರಿಗೆ ಮಾಡಿದೆ. ಎತ್ತಿದ್ದು ಲಿಯೋ ಸರ್. ಬೇಗ ಬಂದಿದ್ದಾರೆ.

"ಹೇಳಿ ವಸಂತಿಯವರೇ. ಯಾರೋ ಮೇನ್ ಆಫ್ ಮಾಡಿ ಹೋಗಿದ್ರು ನೋಡಿ, ಮೀನು ಎಲ್ಲಾ ಸಾಯ್ತಿತ್ತು. ಬಂದವನೇ ಕೊಳದ ಕಡೆಗೂ ಹೋಗದೆ ಮೊದಲು ಆನ್ ಮಾಡಿದೆ."

ನಮ್ಮವರು, ತಿಲಕ್ ಎಲ್ಲಿ ಅಂದೆ.

"ಕೋಣೆಯಲ್ಲಿ ಇರಬೇಕು. ಯಾಕೆ?"

ನೀರಲ್ಲಿದ್ದಾರೆ ಅಂದೆ. ಪಂಪ್ ತೆಗೀಲಿಕ್ಕೆ ಇಳಿದಿದ್ದಾರೆ ಅಂದೆ. ರಿಸೀವರ್ ಮೇಜಿಗೆ ಬಿದ್ದ ಸದ್ದು. ಓಡಿದ್ರು.

ಫೋನ್ ಕಿವಿಗೇ ಒತ್ತಿಕೊಂಡಿದ್ದೇನೆ. ಇನ್ನೊಂದು ಕೈಯಲ್ಲಿ ಬರೀತಿದ್ದೇನೆ. ಚಿಲ್ಲರ್ ಸದ್ದು ಕೇಳ್ತಿತ್ತು. ಈಗ ನಿಂತಿತು. ದೂರದಲ್ಲಿ ಯಾರೋ ಏನೋ ಕೂಗಿದ್ರು, ಹೆಸರು ಇರಬೇಕು. ಮತ್ತೆ ಕೂಗಲಿಲ್ಲ.

ಚಪ್ಪಲಿ ಸದ್ದು. ಬರ್ತಿದ್ದಾರೆ. ಓಡಿ ಅಲ್ಲ. ಮೆಲ್ಲ ನಡೆದು