ಟ್ರಿಷ್ ಇಲ್ಲೇ ಇರುತ್ತಾಳೆ

ಲೇಕ್‌ಲ್ಯಾಂಡ್, ಫ್ಲೋರಿಡಾ
ಫೆಬ್ರವರಿ ೧೯

ಪ್ರೀತಿಯ ತಂಗಿ ಓಪಲ್‌ಗೆ,

ಓಹಾಯೋದ ಹಿಮದಲ್ಲಿ ನಿನ್ನ ಮೊಣಕಾಲು ಹೇಗಿದೆ? ಪತ್ರ ತಡವಾಯಿತೆಂದು ಬೈಯಬೇಡ. ಈ ಸಲ ಸೋಮಾರಿತನವಲ್ಲ, ಒಂದು ಜಗಳದಲ್ಲಿದ್ದೆ. ಗೆದ್ದೆ ಕೂಡ.

ಡ್ವೇನ್ ನನ್ನನ್ನು ಬಿಟ್ಟು ಟ್ರಿಷ್‌ಳನ್ನು ಕಟ್ಟಿಕೊಂಡದ್ದು, ಆಮೇಲೆ ಭೂಮಿಯ ಮೇಲೆ ಬೇರೆ ಜಾಗವೇ ಇಲ್ಲದವನಂತೆ ವಯಸ್ಸಾದವರ ಬಡಾವಣೆಯಾದ ನಮ್ಮ ಈ ಪಾರ್ಕಿಗೇ ಬಂದು, ನನ್ನಿಂದ ಎರಡು ಸಾಲು ಆಚೆ ಮನೆ ಕೊಂಡದ್ದು ನಿನಗೆ ಗೊತ್ತೇ ಇದೆ. ನವೆಂಬರಿನಲ್ಲಿ ಅವನು ತೀರಿಹೋದ. ಇಲ್ಲಿರಬೇಕಾದರೆ ಮನೆಯಲ್ಲಿ ಒಬ್ಬರಿಗಾದರೂ ಐವತ್ತೈದು ತುಂಬಿರಬೇಕು. ಟ್ರಿಷ್‌ಗೆ ನಲವತ್ತೊಂಬತ್ತು. ಇನ್ನು ಜಾಗ ಖಾಲಿ ಮಾಡು ಎಂದುಬಿಟ್ಟ ಮ್ಯಾನೇಜರ್ ಕರ್ಟಿಸ್. ನಿವಾಸಿಗಳು ಸಭೆ ಸೇರಿ ಕೈಯೆತ್ತಿ ಒಪ್ಪಿದರೆ ಮಾತ್ರ ವಿಧವೆಗೆ ವಿನಾಯಿತಿಯಂತೆ. ನಮ್ಮ ಈ ಮೊಬೈಲ್ ಹೋಮ್‌ಗಳು ಹೆಸರಿಗಷ್ಟೇ ಚಕ್ರದ ಮನೆಗಳು. ಎತ್ತಿದರೆ ಅಲ್ಲೇ ಮುರಿದು ಬೀಳುತ್ತವೆ. ಮಾರೋಣವೆಂದರೆ ಅವಳ ಹಳೇ ಪೆಟ್ಟಿಗೆಯಂಥ ಮನೆಯನ್ನು ಕೊಳ್ಳುವವರಿಲ್ಲ. ಬರಿಗೈಯಲ್ಲಿ ಹೊರಡಬೇಕಿತ್ತು.

ಇಲ್ಲಿಯ ಹೆಂಗಸರಿಗೆ ಒಳಗೊಳಗೇ ಖುಷಿ. ಅವಳು ಈಜುಕೊಳಕ್ಕೆ ಇಳಿದರೆ ಸಾಕು, ಇವರ ಗಂಡಂದಿರಿಗೆಲ್ಲ ಇದ್ದಕ್ಕಿದ್ದಂತೆ ವ್ಯಾಯಾಮ ನೆನಪಾಗುತ್ತದೆ. ಎಲ್ಲರಿಗಿಂತ ಹೆಚ್ಚು ಖುಷಿ ನನಗೆ ಎಂದುಕೊಂಡಿದ್ದರು. ಪಕ್ಕದ ಮನೆಯ ಬರ್ನಡೀನ್ ಅಂತೂ ಸಭೆಗೆ ಕೇಕ್ ಮಾಡಿಕೊಂಡೇ ಬಂದಳು.

ಟ್ರಿಷ್ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಪರವಾಗಿ ಯಾರಾದರೂ ಮಾತಾಡುತ್ತೀರಾ ಎಂದು ಕರ್ಟಿಸ್ ಕೇಳಿದ. ನಾನು ಎದ್ದೆ. ಬರ್ನಡೀನ್ ನನ್ನ ತೋಳು ಹಿಡಿದೆಳೆದು, "ಕೂತ್ಕೊಳೇ, ಅವರೇ ಓಡಿಸ್ತಾರೆ, ನೀನ್ಯಾಕೆ ಕೆಟ್ಟವಳಾಗ್ತೀಯ?" ಎಂದಳು.

"ನೋಡ್ರಿ," ಅಂದೆ, "ಇವಳನ್ನ ಓಡಿಸಬೇಕು ಅಂತ ಆಸೆಪಡೋ ಹಕ್ಕು ಈ ಹಾಲ್‌ನಲ್ಲಿ ಯಾರಿಗಾದ್ರೂ ಇದ್ರೆ ಅದು ನಂಗೊಬ್ಬಳಿಗೇ. ನನ್ನ ಗಂಡನ್ನ ಕರ್ಕೊಂಡು ಹೋದಳು, ನಿಜ. ಆದ್ರೆ ಕೊನೇ ವರ್ಷ ಅವನಿಗೆ ತನ್ನ ಹೆಸರೇ ಮರೆತುಹೋದಾಗ, ದಿನಾ ವರಾಂಡದಲ್ಲಿ ಕೂರಿಸಿ ಗಡ್ಡ ಹೆರೆದೋಳು ಇವಳೇ. ನಾನು ನೋಡಿದೀನಿ. ನಾನೇ ಇರ್ಲಿ ಅಂತಿದೀನಿ, ನಿಮಗೇನ್ರೀ ಕಷ್ಟ?"

ಮೊದಲು ಮುದುಕ ಹಾರ್ಲನ್ ಕೈಯೆತ್ತಿದ. ಅವನ ಹೆಂಡತಿ ಅವನನ್ನು ದುರುಗುಟ್ಟಿ ನೋಡಿ, ಕೊನೆಗೆ ತಾನೂ ಎತ್ತಿದಳು. ಹಿಂದೆಯೇ ಸಾಲು ಸಾಲು ಕೈಗಳು. ಬರ್ನಡೀನ್ ಕೂಡ ಗೊಣಗುತ್ತ ಎತ್ತಿದಳು. ಕರ್ಟಿಸ್ ಎಣಿಸುವುದನ್ನೇ ಬಿಟ್ಟ. ಟ್ರಿಷ್ ಬಂದು ನನ್ನ ಹೆಗಲಿಗೆ ಮುಖವಿಟ್ಟು ಅತ್ತಳು. ಕೇಕಿನ ಮೊದಲ ತುಂಡು ಅವಳಿಗೇ ಕೊಟ್ಟೆವು. ಅಷ್ಟು ಎದೆಯುಬ್ಬಿಸಿ ಮನೆಗೆ ನಡೆದು ಎಷ್ಟು ವರ್ಷವಾಗಿತ್ತೋ ಕಣೇ.

ಕಾಲಿಗೆ ಬೆಚ್ಚಗೆ ಸುತ್ತಿಕೋ. ನೀನೂ ಮಕ್ಕಳೂ ನೂರು ಕಾಲ ನಗುತ್ತಿರಿ.

ನಿನ್ನ ಅಕ್ಕ,
ಲವೆರ್ನ್

ಬರೆಯಲೋ ಬೇಡವೋ ಎಂದಿದ್ದೆ, ಬರೆದುಬಿಡುತ್ತೇನೆ: ಡ್ವೇನ್ ಹೋದಾಗ ಇಡೀ ಪಾರ್ಕು ಅಡುಗೆ ಮಾಡಿಕೊಂಡು ಟ್ರಿಷ್ ಮನೆಗೆ ಹೋಯಿತು. ನಾನೂ ಕೋಳಿ ಬೇಯಿಸಿ ಕೊಟ್ಟುಬಂದೆ. ಅವನ ಜೊತೆ ಮೂವತ್ತೊಂದು ವರ್ಷ ಬಾಳಿದವಳ ಬಾಗಿಲನ್ನು ಯಾರೂ ತಟ್ಟಲಿಲ್ಲ. ನೀನೂ ಪೀಡೆ ತೊಲಗಿತು ಎಂದಷ್ಟೇ ಬರೆದೆ. ಇನ್ನೊಮ್ಮೆ ಬರಿ, ಓಪಲ್. ಭಾವ ತೀರಿಕೊಂಡರಂತೆ, ಸಮಾಧಾನ ಮಾಡಿಕೋ ಅಕ್ಕ ಅಂತ ಒಂದೇ ಒಂದು ಸಾಲು.